ಒಂದೇ ಕಾಂಪೌಂಡಿನ ಎರಡು ನಗೆ: ಈಲಿಂಗ್ ಸ್ಟುಡಿಯೊ, 1947–1955

ಲಂಡನ್ನಿನ ಪಶ್ಚಿಮ ಭಾಗದ ಈಲಿಂಗ್‌ನಲ್ಲಿದ್ದ ಸ್ಟುಡಿಯೊವನ್ನು 1955ರಲ್ಲಿ ಬಿಬಿಸಿಗೆ ಮಾರಿದಾಗ ಅದರ ಮುಖ್ಯಸ್ಥ ಮೈಕೇಲ್ ಬಾಲ್ಕನ್ ಅಲ್ಲೊಂದು ಫಲಕ ಹಾಕಿಸಿದರು. ಕಾಲು ಶತಮಾನ ಕಾಲ ಇಲ್ಲಿ ತಯಾರಾದ ಚಿತ್ರಗಳು ಬ್ರಿಟನ್ನನ್ನೂ ಬ್ರಿಟಿಷರ ಸ್ವಭಾವವನ್ನೂ ಲೋಕಕ್ಕೆ ತೋರಿಸಿದವು ಎಂಬುದು ಅದರ ಸಾರ. ಸಂಸ್ಥೆಗಳು ತಮ್ಮ ಬಗ್ಗೆ ತಾವೇ ಬರೆಸುವ ಮಾತನ್ನು ಪೂರ್ತಿ ನಂಬಬಾರದು. ಸ್ಮರಣ ಸಂಚಿಕೆಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಆದರೆ ಆ ಫಲಕದ ಮಾತು ನಿಂತುಬಿಟ್ಟಿತು. ಯುದ್ಧಾನಂತರದ ಬ್ರಿಟಿಷ್ ಹಾಸ್ಯಚಿತ್ರ ಎಂದರೆ ಈಲಿಂಗ್, ಈಲಿಂಗ್ ಎಂದರೆ ಸೌಮ್ಯ ನಗೆ, ಒಳ್ಳೆಯ ನೆರೆಹೊರೆ, ಸ್ವಲ್ಪ ವಿಚಿತ್ರ ಆದರೆ ಮುದ್ದಾದ ಮುದುಕರು ಎಂಬ ಚಿತ್ರ ಎಲ್ಲರ ತಲೆಯಲ್ಲೂ ಕೂತಿದೆ. ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ಸಿಗುವುದು ಬೇರೆಯೇ. ಈಲಿಂಗ್‌ನ ಹಾಸ್ಯಕ್ಕೆ ಒಂದೇ ದನಿ ಇರಲಿಲ್ಲ. ಒಂದೇ ಆವರಣದಲ್ಲಿ, ಒಂದೇ ಸಂಬಳಪಟ್ಟಿಯಲ್ಲಿದ್ದವರ ನಡುವೆ ನಡೆದ ದೀರ್ಘ ವಾಗ್ವಾದ ಅದು. ಮೇಲಿನವರ ಅನುಮತಿಯಿಲ್ಲದೆ ಒಂದು ಸಣ್ಣ ಗುಂಪು ಎಷ್ಟು ದೂರ ಹೋಗಬಹುದು, ಹೋದ ಮೇಲೆ ತಿರುಗಿ ಬರಬೇಕೇ ಬೇಡವೇ ಎಂಬುದು ಅದರ ವಿಷಯ. ಸ್ಟುಡಿಯೊದ ಏಳಿಗೆ ಈ ವಾಗ್ವಾದದಿಂದ ಆಯಿತು. ಅದು ನಿಂತಾಗ ಕಟ್ಟಡ ಇನ್ನೂ ಮಾರಾಟವಾಗಿರಲಿಲ್ಲ, ಆದರೆ ಕೆಲಸ ಮುಗಿದಿತ್ತು.

ಮೊದಲು ಆ ಆವರಣ ಹೇಗಿತ್ತೆಂದು ಹೇಳಬೇಕು. ವಿಲ್ ಬಾರ್ಕರ್ ಎಂಬ ಚಿತ್ರೋದ್ಯಮಿ 1902ರಲ್ಲಿ ಅಲ್ಲಿ ಜಾಗ ಕೊಂಡಾಗಿನಿಂದ ಈಲಿಂಗ್‌ನಲ್ಲಿ ಸಿನಿಮಾ ತಯಾರಾಗುತ್ತಿತ್ತು. ಮಾತಿನ ಚಿತ್ರಗಳಿಗೆಂದು 1931ರಲ್ಲಿ ಹೊಸ ಸ್ಟುಡಿಯೊ ಕಟ್ಟಿಸಿದವರು ರಂಗಭೂಮಿಯಿಂದ ಬಂದ ಬೇಸಿಲ್ ಡೀನ್. ಗ್ರೇಸಿ ಫೀಲ್ಡ್ಸ್, ಜಾರ್ಜ್ ಫಾರ್ಮ್‌ಬಿ ಮೊದಲಾದ ಜನಪ್ರಿಯ ಹಾಡುಗಾರ-ನಟರ ಚಿತ್ರಗಳಿಂದ ಗಲ್ಲಾಪೆಟ್ಟಿಗೆ ನಡೆಯುತ್ತಿತ್ತು. 1938ರಲ್ಲಿ ಬಾಲ್ಕನ್ ಬಂದರು. ಬರ್ಮಿಂಗ್‌ಹ್ಯಾಮ್‌ನ ಯಹೂದಿ ವಲಸಿಗ ಕುಟುಂಬದಲ್ಲಿ 1896ರಲ್ಲಿ ಹುಟ್ಟಿದ ಈತ ಹಿಚ್‌ಕಾಕ್‌ಗೆ ಮೊದಲ ನಿರ್ದೇಶನದ ಅವಕಾಶ ಕೊಟ್ಟವರು. ದೊಡ್ಡ ಕಂಪನಿಗಳ ರೀತಿನೀತಿ ನೋಡಿ ಬೇಸತ್ತಿದ್ದರು. ಈಲಿಂಗ್ ಅವರಿಗೆ ಬೇಕಾದ ಅಳತೆಯಲ್ಲಿತ್ತು. ಯುದ್ಧದ ಹೊತ್ತಿಗೆ ಸರ್ಕಾರಿ ಸಾಕ್ಷ್ಯಚಿತ್ರ ಘಟಕದಿಂದ ಬ್ರೆಜಿಲ್ ಮೂಲದ ಆಲ್ಬರ್ಟೊ ಕವಲ್ಕಾಂಟಿ, ಹ್ಯಾರಿ ವಾಟ್ ಬಂದು ಸೇರಿದರು. 1944ರಲ್ಲಿ ರ‍್ಯಾಂಕ್ ಸಂಸ್ಥೆಯೊಂದಿಗೆ ಹಂಚಿಕೆಯ ಒಪ್ಪಂದವಾಗಿ, ಬಿಡುಗಡೆಯ ಚಿಂತೆ ತಪ್ಪಿತು. ಏನು ತೆಗೆಯಬೇಕೆಂಬ ತೀರ್ಮಾನ ಬಾಲ್ಕನ್ ಕೈಯಲ್ಲೇ ಉಳಿಯಿತು. ಸ್ವಾತಂತ್ರ್ಯವೂ ಭದ್ರತೆಯೂ ಒಟ್ಟಿಗೆ ದೊರೆತ ಇಂಥ ಗಳಿಗೆ ಯಾವ ದೇಶದ ಚಿತ್ರೋದ್ಯಮದಲ್ಲೂ ಅಪರೂಪ.

ಒಳಗಿನ ಕ್ರಮ ಹೀಗಿತ್ತು: ನಿರ್ದೇಶಕ, ಬರಹಗಾರ, ಸಂಕಲನಕಾರ ಎಲ್ಲರೂ ಗುತ್ತಿಗೆಯ ಸಂಬಳದವರು. ದುಂಡು ಮೇಜಿನ ಸುತ್ತ ಕೂತು ಒಬ್ಬರ ಚಿತ್ರಕಥೆಯನ್ನು ಇನ್ನೊಬ್ಬರು ಹರಿದು ಹಾಕುವುದು ರೂಢಿ. ಸಂಜೆ ರಸ್ತೆಯಾಚೆಯ 'ರೆಡ್ ಲಯನ್' ಪಬ್ಬಿನಲ್ಲಿ ಅದೇ ಚರ್ಚೆ ಮುಂದುವರಿಯುತ್ತಿತ್ತು. ಹೊರಗಿನಿಂದ ಹೆಸರುವಾಸಿ ನಿರ್ದೇಶಕರನ್ನು ಕರೆತರುವ ಬದಲು ಒಳಗಿನವರನ್ನೇ ಮೇಲಕ್ಕೆತ್ತುತ್ತಿದ್ದರು. ಚಾರ್ಲ್ಸ್ ಕ್ರೈಟನ್, ರಾಬರ್ಟ್ ಹೇಮರ್, ಹೆನ್ರಿ ಕಾರ್ನೇಲಿಯಸ್ ಸಂಕಲನದ ಕೋಣೆಯಿಂದ ಬಂದವರು, ಅಲೆಕ್ಸಾಂಡರ್ ಮೆಕೆಂಡ್ರಿಕ್ ದೃಶ್ಯಗಳ ರೇಖಾಚಿತ್ರ ಬರೆಯುತ್ತಿದ್ದವರು, ಟಿ.ಇ.ಬಿ. ಕ್ಲಾರ್ಕ್ ಪತ್ರಕರ್ತರಾಗಿದ್ದು, ಯುದ್ಧಕಾಲದಲ್ಲಿ ಮೀಸಲು ಪೊಲೀಸ್ ಪೇದೆಯ ಕೆಲಸ ಮಾಡಿದವರು. ಕೂಡುಕುಟುಂಬದ ಯಜಮಾನನಂತೆ ಬಾಲ್ಕನ್ ಎಲ್ಲರನ್ನೂ ಮಾತಾಡಲು ಬಿಟ್ಟು ಕೊನೆಯ ಮಾತನ್ನು ತಮ್ಮಲ್ಲಿಟ್ಟುಕೊಳ್ಳುತ್ತಿದ್ದರು. ಸಂಬಳ ಹೆಚ್ಚಿರಲಿಲ್ಲ, ಕೆಲಸ ಹೋಗುವ ಭಯವೂ ಹೆಚ್ಚಿರಲಿಲ್ಲ. ಅಂಥ ಮನೆಯಲ್ಲಿ ಭಿನ್ನಾಭಿಪ್ರಾಯ ಎದ್ದುಹೋಗುವುದಿಲ್ಲ, ಒಳಗೇ ಉಳಿದು ಬೇರೆ ರೂಪ ಪಡೆಯುತ್ತದೆ. ಈಲಿಂಗ್‌ನಲ್ಲಿ ಪಡೆದ ರೂಪ ಹಾಸ್ಯ.

ಹೊರಗಿನ ಬ್ರಿಟನ್ ಆಗ ನಗುವ ಸ್ಥಿತಿಯಲ್ಲೇನೂ ಇರಲಿಲ್ಲ. ಯುದ್ಧ ಗೆದ್ದ ದೇಶ ಯುದ್ಧಕಾಲದಲ್ಲೂ ಪಡಿತರಕ್ಕೆ ಒಳಪಡದಿದ್ದ ಬ್ರೆಡ್ಡಿಗೆ 1946ರಲ್ಲಿ ಪಡಿತರ ವಿಧಿಸಿತು. ಬಟ್ಟೆಯ ಪಡಿತರ ಹೋದದ್ದು 1949ರ ಮಾರ್ಚ್‌ನಲ್ಲಿ. ಮಿಠಾಯಿಯದನ್ನು ಅದೇ ಏಪ್ರಿಲ್‌ನಲ್ಲಿ ತೆಗೆದು, ಜನ ಮುಗಿಬಿದ್ದದ್ದು ನೋಡಿ ಆಗಸ್ಟ್‌ನಲ್ಲಿ ಮತ್ತೆ ಹೇರಿದರು. ಕೊನೆಯ ಪಡಿತರ ಮುಗಿಯುವಾಗ 1954ರ ಜುಲೈ. 1945ರಲ್ಲಿ ತಾವೆಲ್ಲ ಲೇಬರ್ ಪಕ್ಷಕ್ಕೆ ಮತ ಹಾಕಿದ್ದೇ ತಮ್ಮ 'ಮೆತ್ತನೆಯ ಕ್ರಾಂತಿ' ಎಂದು ಬಾಲ್ಕನ್ ಬಹಳ ಕಾಲದ ನಂತರ ಹೇಳಿಕೊಂಡರು. ಆ ಮಾತಿನಲ್ಲಿ ಎರಡೂ ಎಳೆಗಳಿವೆ. ತಾವೇ ಆರಿಸಿ ತಂದ ಸರ್ಕಾರ, ಹಾಗಾಗಿ ಬೈಯುವಂತಿಲ್ಲ. ಆ ಸರ್ಕಾರದ ಅರ್ಜಿ ನಮೂನೆ, ಕೂಪನ್ನು, ಇಲಾಖೆಗಳ ಕಾಟ, ಹಾಗಾಗಿ ಸುಮ್ಮನಿರುವಂತೆಯೂ ಇಲ್ಲ.

ಈ ಇಕ್ಕಟ್ಟಿನ ಮೊದಲ ನಗೆ 1947ರ 'ಹ್ಯೂ ಆ್ಯಂಡ್ ಕ್ರೈ'. ಕ್ಲಾರ್ಕ್ ಬರೆದು ಕ್ರೈಟನ್ ನಿರ್ದೇಶಿಸಿದ ಈ ಚಿತ್ರದಲ್ಲಿ ಬಾಂಬಿನಿಂದ ನೆಲಸಮವಾದ ಲಂಡನ್ನಿನ ಪಾಳುಗಳಲ್ಲಿ ಹುಡುಗರ ಹಿಂಡು ಕಳ್ಳರನ್ನು ಬೆನ್ನಟ್ಟುತ್ತದೆ. ದೊಡ್ಡವರ ಪಾಲಿಗೆ ನಷ್ಟದ ಲೆಕ್ಕವಾಗಿದ್ದ ಜಾಗ ಮಕ್ಕಳ ರಾಜ್ಯವಾಗುತ್ತದೆ. ಎರಡು ವರ್ಷದ ನಂತರ ಕ್ಲಾರ್ಕ್ ಅದೇ ಪಾಳಿಗೆ ದೊಡ್ಡವರನ್ನೇ ಇಳಿಸಿದರು. 'ಪಾಸ್‌ಪೋರ್ಟ್ ಟು ಪಿಮ್ಲಿಕೊ' ಚಿತ್ರದಲ್ಲಿ ಸಿಡಿಯದೆ ಉಳಿದಿದ್ದ ಬಾಂಬೊಂದು ಸಿಡಿದು ನಿಧಿಯೂ ಹಳೆಯ ದಸ್ತಾವೇಜೂ ಸಿಗುತ್ತವೆ. ಪಿಮ್ಲಿಕೊದ ಆ ತುಂಡು ನೆಲ ಕಾನೂನಿನ ಪ್ರಕಾರ ಬರ್ಗಂಡಿಗೆ ಸೇರಿದ್ದು, ಇಂಗ್ಲೆಂಡಿಗಲ್ಲ ಎಂದಾಗುತ್ತದೆ. ಅಂದ ಮೇಲೆ ಇಂಗ್ಲೆಂಡಿನ ಕಾನೂನು ಅಲ್ಲಿ ನಡೆಯದು. ಪಬ್ಬಿನಲ್ಲಿ ಜನ ರೇಷನ್ ಪುಸ್ತಕ ಹರಿದೆಸೆಯುತ್ತಾರೆ, ಪಬ್ ಮುಚ್ಚುವ ಹೊತ್ತು ಮೀರಿದರೂ ಪೇದೆ ಏನೂ ಮಾಡುವಂತಿಲ್ಲ. ಮರುದಿನ ಕಾಳಸಂತೆಯವರು ನುಗ್ಗುತ್ತಾರೆ, ಸರ್ಕಾರ ಬೇಲಿ ಹಾಕಿ ನೀರು ನಿಲ್ಲಿಸುತ್ತದೆ, ಸುತ್ತಲಿನ ಲಂಡನ್ನಿಗರು ಬೇಲಿಯಾಚೆಯಿಂದ ತಿಂಡಿ ತೂರುತ್ತಾರೆ. ಕೊನೆಗೆ ರಾಜಿ: ನಿಧಿ ಬ್ರಿಟನ್ನಿಗೆ ಸಾಲ, ಪಿಮ್ಲಿಕೊ ಮತ್ತೆ ಲಂಡನ್ನಿಗೆ. ಹೊಸ ರೇಷನ್ ಪುಸ್ತಕ ಕೈಗೆ ಬಂದಾಗ ಜನ ಸಂಭ್ರಮಿಸುತ್ತಾರೆ, ಅಷ್ಟರಲ್ಲಿ ಬಿಸಿಲು ಹೋಗಿ ಮಳೆ ಸುರಿಯುತ್ತದೆ.

ಕ್ಲಾರ್ಕ್ ಧಾಟಿ ಇದರಲ್ಲಿ ಪೂರ್ತಿ ಕಾಣುತ್ತದೆ. ನಿಯಮದಿಂದ ರಜೆ ಸಿಗುತ್ತದೆ, ರಜೆ ಮುಗಿಯುತ್ತದೆ, ಮುಗಿದದ್ದಕ್ಕೆ ಯಾರಿಗೂ ತೀರಾ ದುಃಖವಿಲ್ಲ. ಆಸ್ಕರ್ ಗೆದ್ದ ಅವರ 'ದ ಲ್ಯಾವೆಂಡರ್ ಹಿಲ್ ಮಾಬ್' (1951) ಚಿತ್ರದಲ್ಲೂ ಅದೇ. ಚಿನ್ನದ ಗಟ್ಟಿಗಳ ಸಾಗಾಟಕ್ಕೆ ಇಪ್ಪತ್ತು ವರ್ಷ ಕಾವಲು ಕೂತ ಬ್ಯಾಂಕಿನ ಗುಮಾಸ್ತ ಅವನ್ನೇ ಕದ್ದು, ಕರಗಿಸಿ ಐಫೆಲ್ ಗೋಪುರದ ಆಟಿಕೆಗಳಾಗಿ ಪ್ಯಾರಿಸ್ಸಿಗೆ ಸಾಗಿಸುತ್ತಾನೆ. ಬ್ರೆಜಿಲ್ಲಿನ ಹೋಟೆಲಿನಲ್ಲಿ ಕೂತು ಈ ಕಥೆ ಹೇಳುತ್ತಿದ್ದ ಮನುಷ್ಯ ಏಳುವಾಗ ಕೈಗೆ ಬೇಡಿ ಕಾಣುತ್ತದೆ. ಆ ಬೇಡಿ ಸೆನ್ಸಾರಿನ ಕಾಣಿಕೆ ಎಂದು ಸುಲಭವಾಗಿ ಹೇಳಬಹುದು, ಆದರೆ ಕ್ಲಾರ್ಕ್ ಮನಸ್ಸಿಗೂ ಅದು ಒಗ್ಗುತ್ತಿತ್ತು. ಆತ ಒಳ್ಳೆಯ ಪೇದೆಯ ಕಥೆಯಾದ 'ದ ಬ್ಲೂ ಲ್ಯಾಂಪ್' (1950) ಬರೆದದ್ದು ಇದೇ ಲೇಖನಿಯಿಂದ.

ಈಗ ಅದೇ 1949ರ ಇನ್ನೆರಡು ಚಿತ್ರಗಳನ್ನು ಇದರ ಪಕ್ಕದಲ್ಲಿಡಬೇಕು. ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿನ ದ್ವೀಪವೊಂದರ ಬಳಿ ವಿಸ್ಕಿ ತುಂಬಿದ ಹಡಗು ನೆಲಕಚ್ಚಿದ ನಿಜಘಟನೆಯ ಮೇಲೆ ಕಾಂಪ್ಟನ್ ಮೆಕೆಂಝಿ ಬರೆದ ಕಾದಂಬರಿಯಿಂದ ಹುಟ್ಟಿದ್ದು 'ವಿಸ್ಕಿ ಗಲೋರ್!'. ಮೇಲ್ನೋಟಕ್ಕೆ ಇದೂ ರಜೆಯ ಕಥೆ: ಊರೆಲ್ಲ ಸೇರಿ ಪೆಟ್ಟಿಗೆಗಟ್ಟಲೆ ವಿಸ್ಕಿ ಬಚ್ಚಿಟ್ಟು ಅಬಕಾರಿಯವರ ಕಣ್ಣಿಗೆ ಮಣ್ಣೆರಚುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ರಾಜಿ ಇಲ್ಲ. ನಿಯಮ ಹಿಡಿದು ನಿಂತ ಕ್ಯಾಪ್ಟನ್ ವ್ಯಾಗೆಟ್ ಕೊನೆಗೆ ತಾನೇ ಕಳ್ಳಸಾಗಣೆಯ ಅನುಮಾನಕ್ಕೆ ಗುರಿಯಾಗುತ್ತಾನೆ, ಅವನ ಹೆಂಡತಿಯೇ ಗಹಗಹಿಸಿ ನಗುತ್ತಾಳೆ. ಆ ನಗೆಯಲ್ಲಿ ಸೌಮ್ಯವೆನ್ನುವುದು ಏನೂ ಇಲ್ಲ. ಚಿತ್ರದಲ್ಲಿ ನಿಜವಾದ ಸ್ಕಾಟಿಷ್ ಕಟ್ಟುನಿಟ್ಟು ಇರುವವನು ಆ ಇಂಗ್ಲಿಷ್ ಕ್ಯಾಪ್ಟನ್ನೇ ಎಂದು ಮೆಕೆಂಡ್ರಿಕ್ ಮುಂದೊಮ್ಮೆ ಹೇಳಿದರು. ಗೆದ್ದ ಊರಿನ ಜೊತೆ ನಗುತ್ತಲೇ ಸೋತವನ ಕಡೆ ಕಣ್ಣಿಟ್ಟ ನಿರ್ದೇಶಕ ಅವರು. ರಾಬರ್ಟ್ ಹೇಮರ್ ಇನ್ನೂ ಮುಂದೆ ಹೋದರು. 'ಕೈಂಡ್ ಹಾರ್ಟ್ಸ್ ಆ್ಯಂಡ್ ಕಾರೊನೆಟ್ಸ್' ಚಿತ್ರದ ನಾಯಕ ಲೂಯಿ, ತಾಯಿಯನ್ನು ಹೊರಹಾಕಿದ ಶ್ರೀಮಂತ ಮನೆತನದವರನ್ನು ಒಬ್ಬೊಬ್ಬರಾಗಿ ಮುಗಿಸಿ ಡ್ಯೂಕ್ ಪದವಿಗೇರುತ್ತಾನೆ. ಸಾಯುವ ಎಂಟೂ ಮಂದಿಯ ಪಾತ್ರ ಅಲೆಕ್ ಗಿನ್ನೆಸ್ ಅವರದೇ. ಚರ್ಚಿನಲ್ಲಿ ಅವರಲ್ಲಿ ಆರು ಮಂದಿ ಒಟ್ಟಿಗೆ ಕಾಣುವ ಒಂದು ಶಾಟ್ ಇದೆ. ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಚೌಕಟ್ಟಿನ ಒಂದೊಂದು ಭಾಗ ಮುಚ್ಚಿ ಬಿಚ್ಚಿ, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ಬೆಳಕಿಗೊಡ್ಡಿ ತೆಗೆದದ್ದು. ನಡುವೆ ಯಾರಾದರೂ ಕಾಲು ತಗಲಿಸಿಯಾರು ಎಂದು ಛಾಯಾಗ್ರಾಹಕ ಡಗ್ಲಸ್ ಸ್ಲೋಕಂಬ್ ರಾತ್ರಿ ಕ್ಯಾಮೆರಾದ ಬಳಿಯೇ ಮಲಗಿದರು. ಇಷ್ಟು ನಯವಾಗಿ, ಇಷ್ಟು ಶುದ್ಧ ಇಂಗ್ಲಿಷಿನಲ್ಲಿ, ದನಿಯೇರಿಸದೆ ಕೊಲೆ ಮಾಡುವ ಚಿತ್ರವನ್ನು ಮಮತೆಯ ನೆರೆಹೊರೆಯ ಪಟ್ಟಿಗೆ ಸೇರಿಸುವುದು ಹೇಗೆಂದು ನನಗೆ ಅರ್ಥವಾಗಿಲ್ಲ. ಅಮೆರಿಕದ ಸೆನ್ಸಾರಿಗಂತೂ ಅದು ಸೌಮ್ಯವಾಗಿ ಕಾಣಲಿಲ್ಲ. ಲೂಯಿ ಜೈಲಿನಲ್ಲಿ ಮರೆತುಬಂದ ತಪ್ಪೊಪ್ಪಿಗೆಯ ಹಸ್ತಪ್ರತಿ ಅಧಿಕಾರಿಗಳ ಕೈಗೆ ಸಿಕ್ಕಿತೆಂದು ಸ್ಪಷ್ಟವಾಗಿ ತೋರಿಸುವಂತೆ ಅಂತ್ಯವನ್ನು ಬದಲಿಸಬೇಕಾಯಿತು.

ಈ ಎರಡು ಧಾರೆಗಳನ್ನು ಮೊದಲು ಬಿಡಿಸಿ ತೋರಿಸಿದ ಗೌರವ ವಿಮರ್ಶಕ ಚಾರ್ಲ್ಸ್ ಬಾರ್ ಅವರದು. ಈಲಿಂಗ್ ಕುರಿತ ಅವರ ಪುಸ್ತಕ 1977ರಲ್ಲಿ ಬಂತು. ಅವರಿಂದ ನಾನು ಬೇರೆಯಾಗುವುದು ಒಂದು ಕಡೆ. ಒಂದು ಧಾರೆಯನ್ನು ಸಂಸ್ಥೆಯ ಅಧಿಕೃತ ಮನಸ್ಸೆಂದೂ ಇನ್ನೊಂದನ್ನು ಬಂಡಾಯವೆಂದೂ ಓದುವ ಆಮಿಷ ದೊಡ್ಡದು. ದಾಖಲೆ ಅದಕ್ಕೆ ಅಡ್ಡ ಬರುತ್ತದೆ. ಕವಲ್ಕಾಂಟಿ, ಕ್ರೈಟನ್, ಹೇಮರ್ ಮತ್ತು ಅಲ್ಲಿನ ಇನ್ನೊಬ್ಬ ನಿರ್ದೇಶಕ ಬೇಸಿಲ್ ಡಿಯರ್ಡನ್ ನಾಲ್ವರೂ ಸೇರಿ 1945ರಲ್ಲೇ 'ಡೆಡ್ ಆಫ್ ನೈಟ್' ನಿರ್ದೇಶಿಸಿದ್ದರು. 'ವಿಸ್ಕಿ ಗಲೋರ್!' ಹುಟ್ಟಿದ್ದೇ ಸಂಸ್ಥೆಯ ಅವಸರದಿಂದ: 1948ರ ಬೇಸಿಗೆಯಲ್ಲಿ ಸ್ಟುಡಿಯೊದ ಅಂಕಣಗಳೆಲ್ಲ ಭರ್ತಿಯಾಗಿದ್ದವು. ಪ್ರಚಾರ ವಿಭಾಗದ ಮುಖ್ಯಸ್ಥ ಮೋನ್ಯಾ ಡ್ಯಾನಿಶೆವ್ಸ್ಕಿಗೆ ನಿರ್ಮಾಪಕನಾಗುವ ಆಸೆ, ಮೆಕೆಂಡ್ರಿಕ್‌ಗೆ ಮೊದಲ ಚಿತ್ರದ ಅವಕಾಶ. ಇಬ್ಬರನ್ನೂ ಬಾರಾ ದ್ವೀಪಕ್ಕೆ ಕಳಿಸಿದರು. ಚರ್ಚಿನ ಸಭಾಂಗಣವೇ ಸ್ಟುಡಿಯೊ ಆಯಿತು, ಮಳೆ ಬಿಡಲಿಲ್ಲ, ದಿನಗಳು ಲೆಕ್ಕ ಮೀರಿದವು. ತಂದ ಚಿತ್ರ ಯಾರಿಗೂ ಹಿಡಿಸದಿದ್ದಾಗ ಕತ್ತರಿ ಹಿಡಿದು ಅದನ್ನು ನೇರ್ಪುಗೊಳಿಸಲು ಕೂತವರು ಕ್ರೈಟನ್, ಅಂದರೆ ಎದುರು ಧಾರೆಯ ನಿರ್ದೇಶಕ. ಬಂಡಾಯಕ್ಕೂ ಅಧಿಕೃತ ಮನಸ್ಸಿಗೂ ಸಂಕಲನದ ಮೇಜು ಒಂದೇ ಆಗಿತ್ತು. ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದಬಹುದಾದ ಈ ವ್ಯವಸ್ಥೆ ಇಲ್ಲದಿದ್ದರೆ 1949ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಆ ಮೂರು ಚಿತ್ರಗಳು ಬರುತ್ತಿರಲಿಲ್ಲ.

ಬಾಲ್ಕನ್ ಕಾಲದ ಈಲಿಂಗ್ ಸುಮಾರು 95 ಚಿತ್ರ ಮಾಡಿತು, ಯುದ್ಧಾನಂತರದ ಹಾಸ್ಯಚಿತ್ರಗಳು ಅದರಲ್ಲಿ ಇಪ್ಪತ್ತನ್ನು ಮುಟ್ಟುವುದಿಲ್ಲ, ಅಷ್ಟರ ಮೇಲೆ ಸಂಸ್ಥೆಯ ಚರಿತ್ರೆ ಕಟ್ಟಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಉಳಿದವುಗಳಲ್ಲಿ ಗಟ್ಟಿ ಚಿತ್ರಗಳಿವೆ; ಹೇಮರ್ ಅವರದೇ 'ಇಟ್ ಆಲ್ವೇಸ್ ರೇನ್ಸ್ ಆನ್ ಸಂಡೆ' (1947) ಹಲವು ಹಾಸ್ಯಚಿತ್ರಗಳಿಗಿಂತ ಮೇಲು. ಆದರೆ ಸಂಸ್ಥೆ ತನ್ನನ್ನು ತಾನೇ ಪ್ರಶ್ನಿಸಿಕೊಂಡದ್ದು ಹಾಸ್ಯದಲ್ಲಿ ಮಾತ್ರ. ನೌಕಾಪಡೆಯ, ಪೊಲೀಸರ ಚಿತ್ರಗಳಲ್ಲಿ ಗುಂಪಿನ ಒಗ್ಗಟ್ಟು ಪ್ರಶ್ನೆಗೆ ಸಿಗದ ಒಳ್ಳೆಯ ಗುಣ. ಅದೇ ಒಗ್ಗಟ್ಟು 'ದ ಮ್ಯಾನ್ ಇನ್ ದ ವೈಟ್ ಸೂಟ್' (1951) ಚಿತ್ರದಲ್ಲಿ ಏನಾಗುತ್ತದೆ ನೋಡಿ. ಕೊಳೆಯಾಗದ, ಸವೆಯದ ಬಟ್ಟೆ ಕಂಡುಹಿಡಿದ ಸಿಡ್ನಿಯನ್ನು ತಡೆಯಲು ಗಿರಣಿ ಮಾಲೀಕರೂ ಕಾರ್ಮಿಕ ಸಂಘದವರೂ ಕೈಜೋಡಿಸುತ್ತಾರೆ. ಬಟ್ಟೆ ಒಗೆದು ಹೊಟ್ಟೆ ಹೊರೆಯುವ ಮುದುಕಿ ತನ್ನ ಗತಿಯೇನೆಂದು ಕೇಳಿದಾಗ ಅವನ ಬಳಿ ಉತ್ತರವಿಲ್ಲ. ಅವನ ಪ್ರಯೋಗದ ಗಾಜಿನ ನಳಿಗೆಗಳು ಚಿತ್ರದುದ್ದಕ್ಕೂ ಲಯಬದ್ಧವಾಗಿ ಗುಳುಗುಳು ಎನ್ನುತ್ತವೆ. ಟ್ಯೂಬಾ, ಬಸೂನ್ ವಾದ್ಯಗಳ ಸದ್ದು ಬೆರೆಸಿ ಅದನ್ನು ಹೊಂದಿಸಿದವರು ಧ್ವನಿ ಸಂಕಲನಕಾರ್ತಿ ಮೇರಿ ಹ್ಯಾಬರ್‌ಫೀಲ್ಡ್. ಕೊನೆಗೆ ಅಟ್ಟಿಸಿಕೊಂಡು ಬಂದ ಜನರ ಮುಂದೆ ಆ ಬಟ್ಟೆ ಹಿಂಜಿ ಉದುರುತ್ತದೆ, ಎಲ್ಲರೂ ನಗುತ್ತಾರೆ. ಅವನು ಟಿಪ್ಪಣಿ ಪುಸ್ತಕ ತೆರೆದು ಏನೋ ಹೊಳೆದವನಂತೆ ಹೊರಟಾಗ ಅದೇ ಗುಳುಗುಳು ಮತ್ತೆ ಕೇಳಿಸುತ್ತದೆ. ಹೊಸದನ್ನು ತಂದವನನ್ನು ಒಳ್ಳೆಯ ಮಾತಿನಲ್ಲೇ ಉಸಿರುಗಟ್ಟಿಸುವ ಸಮುದಾಯದ ಚಿತ್ರಣ ಇದು. ತಂಡದ ಒಗ್ಗಟ್ಟನ್ನೇ ಗೋಡೆಯ ಮೇಲೆ ಬರೆಸಿಕೊಂಡಿದ್ದ ಸ್ಟುಡಿಯೊದೊಳಗೆ ತಯಾರಾದದ್ದು. ಚಿತ್ರದೊಳಗೆ ಸ್ಟುಡಿಯೊವನ್ನು ಹುಡುಕುವುದು ಅತಿಯಾಯಿತು ಎನ್ನುವವರಿಗೆ ನಾನು ಹೇಳುವುದಿಷ್ಟೇ. ಬಾಲ್ಕನ್ ಅದನ್ನು ಓದಿ, ನೋಡಿ, ಬಿಡುಗಡೆಗೆ ಒಪ್ಪಿದರು. ತಮ್ಮ ಮೇಲಿನ ದೂರನ್ನು ತಮ್ಮ ಖರ್ಚಿನಲ್ಲೇ ಚಿತ್ರವಾಗಲು ಬಿಟ್ಟ ಯಜಮಾನರು ಹೆಚ್ಚು ಮಂದಿ ಇಲ್ಲ.

ಆ ಔದಾರ್ಯಕ್ಕೂ ಮಿತಿಯಿತ್ತು, ಸ್ಮರಣೆಯ ಹೆಸರಿನಲ್ಲಿ ಅದನ್ನು ಮುಚ್ಚಬೇಕಿಲ್ಲ. 'ಕೈಂಡ್ ಹಾರ್ಟ್ಸ್' ನಂತರ ಹೇಮರ್‌ಗೆ ಅದೇ ಧೈರ್ಯದ ಇನ್ನೊಂದು ಚಿತ್ರವನ್ನು ಈಲಿಂಗ್‌ನಲ್ಲಿ ಮಾಡಲಾಗಲಿಲ್ಲ. ಕಾಮದ ವಿಷಯ ಬಂದರೆ ಬಾಲ್ಕನ್ ಮುಜುಗರಪಡುವವರು. ಕಾರ್ನೇಲಿಯಸ್ ಹೊರಹೋಗಿ 1953ರಲ್ಲಿ ರ‍್ಯಾಂಕ್‌ಗಾಗಿ ಮಾಡಿದ 'ಜೆನೆವೀವ್' ಭರ್ಜರಿಯಾಗಿ ಓಡಿತು. ಹೆಂಗಸರ ಪಾಲು ಇನ್ನೂ ಕಡಿಮೆ: ಡಯಾನಾ ಮಾರ್ಗನ್ ಅವರಂಥ ಒಬ್ಬಿಬ್ಬರು ಬರಹಗಾರ್ತಿಯರು, ಸಂಕಲನದ ಕೋಣೆಯಲ್ಲಿ ಕೆಲವರು; ಬಾಲ್ಕನ್ ಮೇಲಕ್ಕೆತ್ತಿದ ನಿರ್ದೇಶಕರಲ್ಲಿ ಒಬ್ಬ ಹೆಂಗಸೂ ಇಲ್ಲ.

ಈಲಿಂಗ್ ನಗೆ ಹಳೆಯದಕ್ಕಾಗಿ ಹಲುಬುವ ನಗೆ ಎಂಬುದು ಇನ್ನೊಂದು ಆಕ್ಷೇಪ. 1953ರ 'ದ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್' ಮಟ್ಟಿಗೆ ಇದನ್ನು ಒಪ್ಪಲೇಬೇಕು. ವೇಲ್ಸ್‌ನಲ್ಲಿ ಮುಚ್ಚಲಿದ್ದ ಟ್ಯಾಲಿಲಿನ್ ರೈಲು ಮಾರ್ಗವನ್ನು ಹವ್ಯಾಸಿಗಳು 1951ರಿಂದ ತಾವೇ ನಡೆಸಿದ್ದನ್ನು ಕಂಡು ಕ್ಲಾರ್ಕ್ ಬರೆದ ಈ ಚಿತ್ರ ಈಲಿಂಗ್‌ನ ಮೊದಲ ಟೆಕ್ನಿಕಲರ್ ಹಾಸ್ಯಚಿತ್ರ. ನೋಡಲು ಚೆಂದ, ಆದರೆ ಬಸ್ಸಿನವರು ಖಳರು, ಹಳೆ ಎಂಜಿನ್ ನಾಯಕ, ಖರ್ಚಿಗೆ ಊರಿನ ಸಾಹುಕಾರ. ಪಿಮ್ಲಿಕೊದ ಜನ ನಿಯಮದಿಂದ ತಪ್ಪಿಸಿಕೊಂಡು ಇವತ್ತಿನ ಬದುಕನ್ನೇ ಪರೀಕ್ಷಿಸಿದ್ದರು. ಟಿಟ್‌ಫೀಲ್ಡ್‌ನವರು ನಿನ್ನೆಗೆ ಓಡಿಹೋಗುತ್ತಾರೆ. ಈ ಹೊತ್ತಿಗೆ ಕ್ಲಾರ್ಕ್ ಎದುರು ವಾದಿಸುವವರು ವಿರಳವಾಗಿದ್ದರು ಎಂಬುದೇ ಇದಕ್ಕೆ ಕಾರಣವೆಂದು ನನ್ನ ಅನಿಸಿಕೆ. ಹಲುಬುವಿಕೆ ಈಲಿಂಗ್‌ನ ಹುಟ್ಟುಗುಣವಲ್ಲ, ವಾಗ್ವಾದ ತೆಳುವಾದಾಗ ಬಂದ ರೋಗ.

ಸ್ಟುಡಿಯೊ ಮಾರಾಟವಾದ ವರ್ಷವೇ, ಡಿಸೆಂಬರಿನಲ್ಲಿ, 'ದ ಲೇಡಿಕಿಲ್ಲರ್ಸ್' ತೆರೆಕಂಡಿತು. ಅದನ್ನು ಬರೆದ ವಿಲಿಯಂ ರೋಸ್ ಅಮೆರಿಕನ್. ಮೆಕೆಂಡ್ರಿಕ್ ಸ್ಕಾಟಿಷ್ ತಂದೆತಾಯಿಯರಿಗೆ ಬಾಸ್ಟನ್ನಿನಲ್ಲಿ ಹುಟ್ಟಿದವರು. ಡ್ಯಾನಿಶೆವ್ಸ್ಕಿ ರಷ್ಯಾದ ಆರ್ಖಾಂಗೆಲ್ಸ್ಕ್‌ನವರು, ಕಾರ್ನೇಲಿಯಸ್ ದಕ್ಷಿಣ ಆಫ್ರಿಕದವರು, ಹಲವು ಈಲಿಂಗ್ ಹಾಸ್ಯಚಿತ್ರಗಳ ಸಂಗೀತ ಫ್ರೆಂಚ್ ಸಂಯೋಜಕ ಜಾರ್ಜ್ ಓರಿಕ್ ಅವರದು. ಬ್ರಿಟಿಷ್ ಸ್ವಭಾವ ಎಂದು ಹೆಸರಾದದ್ದನ್ನು ಹತ್ತಿರದಿಂದ, ಆದರೆ ಸ್ವಲ್ಪ ಓರೆಯಾಗಿ ನೋಡುವ ಕಣ್ಣುಗಳು ಇವು. 'ಲೇಡಿಕಿಲ್ಲರ್ಸ್' ಕಥೆಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ಬಳಿ, ರೈಲು ಸುರಂಗದ ಮೇಲೆ ವಾಲಿಕೊಂಡ ಹಳೇ ಮನೆಯ ಒಡತಿ ಮಿಸೆಸ್ ವಿಲ್ಬರ್‌ಫೋರ್ಸ್. ಸಂಗೀತಗಾರರ ಸೋಗಿನಲ್ಲಿ ಬಾಡಿಗೆಗೆ ಬಂದ ಐವರು ದರೋಡೆಕೋರರಿಗೆ ಆಕೆಯನ್ನು ಮುಗಿಸದೆ ಗತ್ಯಂತರವಿಲ್ಲ, ಮುಗಿಸಲು ಯಾರಿಗೂ ಕೈ ಬರುವುದಿಲ್ಲ. ಒಬ್ಬರನ್ನೊಬ್ಬರು ಕೊಂದುಕೊಂಡು ಐವರೂ ಸಾಯುತ್ತಾರೆ. ಆಕೆ ಪೊಲೀಸರಿಗೆ ನಿಜ ಹೇಳಿದರೆ ಅವರು ನಂಬದೆ ಹಣ ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆ. ಆ ಪಾತ್ರಕ್ಕೆ ಕೇಟಿ ಜಾನ್ಸನ್ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿ ಪಡೆದರು. ಇಲ್ಲಿ ಎರಡು ಧಾರೆಗಳೂ ಕೊನೆಯ ಸಲ ಒಂದೇ ಚಿತ್ರದಲ್ಲಿ ಸೇರಿವೆ: ಹಳೆಯದು ಗೆಲ್ಲುತ್ತದೆ, ಕ್ಲಾರ್ಕ್ ಬಯಸಿದ ಹಾಗೆ, ಅದು ಗೆಲ್ಲುವುದು ಯಾರಿಗೂ ಅರ್ಥವಾಗದ ಮೊಂಡುತನದಿಂದ, ಸುತ್ತಲಿನವರ ಹೆಣಗಳ ಮೇಲೆ, ಮೆಕೆಂಡ್ರಿಕ್ ಕಂಡ ಹಾಗೆ. ಮುಂದಿನ ಚಿತ್ರ 'ಸ್ವೀಟ್ ಸ್ಮೆಲ್ ಆಫ್ ಸಕ್ಸೆಸ್' (1957) ತೆಗೆಯುವಾಗ ಅವರು ಅಮೆರಿಕದಲ್ಲಿದ್ದರು.

ಈಲಿಂಗನ್ನು ಮುಗಿಸಿದ್ದು ದುಡ್ಡಿನ ಲೆಕ್ಕ, ವಾಗ್ವಾದದ ಕಥೆ ಆಮೇಲೆ ಕಟ್ಟಿದ್ದು ಎಂದು ಲೆಕ್ಕಪತ್ರ ಬಲ್ಲವರು ಹೇಳಬಹುದು. 1946ರಲ್ಲಿ ಬ್ರಿಟನ್ನಿನ ಚಿತ್ರಮಂದಿರಗಳು 160 ಕೋಟಿಗೂ ಹೆಚ್ಚು ಟಿಕೆಟ್ ಹರಿದಿದ್ದವು. 1960ಕ್ಕೆ ಅದು 50 ಕೋಟಿಗೆ ಇಳಿಯಿತು. 1955ರ ಸೆಪ್ಟೆಂಬರಿನಲ್ಲಿ ಖಾಸಗಿ ಟೆಲಿವಿಷನ್ ಶುರುವಾಯಿತು, ಪೈಪೋಟಿಗೆ ಬಿಬಿಸಿಗೂ ಜಾಗ ಬೇಕಿತ್ತು. ಇದೆಲ್ಲ ನಿಜ. ಆದರೆ ಅದೇ ಮಾರುಕಟ್ಟೆಯಲ್ಲಿ ಬೇರೆಯವರ ಹಾಸ್ಯಚಿತ್ರ ಓಡುತ್ತಿದ್ದವು: ಬೋಲ್ಟಿಂಗ್ ಸಹೋದರರು 'ಪ್ರೈವೇಟ್ಸ್ ಪ್ರೋಗ್ರೆಸ್' (1956), 'ಐಯಾಮ್ ಆಲ್ ರೈಟ್ ಜ್ಯಾಕ್' (1959) ಮಾಡಿ ಸೈನ್ಯ, ಕಾರ್ಖಾನೆ, ಸಂಘ ಯಾವುದನ್ನೂ ಬಿಡದೆ ಕುಟುಕಿದರು, 1958ರಿಂದ 'ಕ್ಯಾರಿ ಆನ್' ಸರಣಿ ಅಗ್ಗದ ದುಡ್ಡಿನಲ್ಲಿ ಪೋಲಿ ನಗೆಯ ಬಂಡಿ ಹೊಡೆಯಿತು. ಕಟ್ಟಡ ಕಳೆದುಕೊಂಡ ಬಾಲ್ಕನ್ ತಂಡ ಬೋರ್‌ಹ್ಯಾಮ್‌ವುಡ್‌ನ ಎಂಜಿಎಂ ಆವರಣಕ್ಕೆ ಹೋಗಿ ಕೆಲವು ಚಿತ್ರ ಮಾಡಿತು. ಕ್ಲಾರ್ಕ್ ಬರೆದ, ಗಿನ್ನೆಸ್ ನಟಿಸಿದ 'ಬಾರ್ನಕಲ್ ಬಿಲ್' (1957) ಅವುಗಳಲ್ಲೊಂದು: ಹಳೆ ಹೆಸರುಗಳು, ಹಳೆ ಮಸಾಲೆ, ಎದುರಾಡುವವರು ಮಾತ್ರ ಇಲ್ಲ. ಮಾರುಕಟ್ಟೆ ಕೈಕೊಟ್ಟಿತು ಎನ್ನುವ ವಾದಕ್ಕೆ ಆ ಚಿತ್ರವನ್ನು ಒಮ್ಮೆ ನೋಡುವುದೇ ಸಾಕಷ್ಟು ಉತ್ತರ.

ಹೇಮರ್ 1963ರಲ್ಲಿ ತೀರಿಕೊಂಡರು. ಮೆಕೆಂಡ್ರಿಕ್ ನಿರ್ದೇಶನ ಬಿಟ್ಟು 1969ರಿಂದ ಕ್ಯಾಲಿಫೋರ್ನಿಯಾದಲ್ಲಿ ಪಾಠ ಹೇಳಿದರು. ಕ್ರೈಟನ್ ಬಹಳ ವರ್ಷ ಟೆಲಿವಿಷನ್ ಕೆಲಸ ಮಾಡಿ, ಎಪ್ಪತ್ತು ದಾಟಿದ ಮೇಲೆ 1988ರಲ್ಲಿ 'ಎ ಫಿಶ್ ಕಾಲ್ಡ್ ವಾಂಡಾ' ನಿರ್ದೇಶಿಸಿ ಆಸ್ಕರ್ ನಾಮನಿರ್ದೇಶನ ಪಡೆದರು. ಕಳ್ಳರು ಒಬ್ಬರಿಗೊಬ್ಬರು ಮೋಸ ಮಾಡುವ ಆ ಚಿತ್ರಕ್ಕೆ 'ಲೇಡಿಕಿಲ್ಲರ್ಸ್' ಹತ್ತಿರದ ನೆಂಟ. ಬಿಬಿಸಿ ಹೋದ ಮೇಲೆ ಆವರಣ ಹೊಸಬರ ಕೈಗೆ ಬಂದು, ಚಿತ್ರೀಕರಣ ಈಗಲೂ ನಡೆಯುತ್ತಿದೆ. ಈಲಿಂಗ್ ಹೆಸರಿನಲ್ಲೇ 2007ರಲ್ಲಿ ಬಂದ ಹಾಸ್ಯಚಿತ್ರ 'ಸೇಂಟ್ ಟ್ರಿನಿಯನ್ಸ್' ಚೆನ್ನಾಗಿ ಓಡಿತು. ಅದು ಬಾಲ್ಕನ್ ಕಪಾಟಿನಿಂದ ತೆಗೆದದ್ದಲ್ಲ. 1954ರಲ್ಲಿ ಅವರ ಕಾಂಪೌಂಡಿನ ಹೊರಗೆ ಫ್ರ್ಯಾಂಕ್ ಲಾಂಡರ್ ಮತ್ತು ಸಿಡ್ನಿ ಗಿಲಿಯಟ್ ಜೋಡಿ ಶುರುಮಾಡಿದ, ಶಾಲೆಗೇ ಬೆಂಕಿ ಹಚ್ಚುವಂಥ ಹುಡುಗಿಯರ ಸರಣಿಯದು. ಬಾಲ್ಕನ್ ಅದಕ್ಕೆ ಅನುಮತಿ ಕೊಡುತ್ತಿದ್ದರೆಂದು ನನಗನ್ನಿಸುವುದಿಲ್ಲ.